ರಕ್ತದ ಕ್ಯಾನ್ಸರ್: ಯಾರಿಗೆ ಹೇಳುವುದು, ಯಾರ ನೆರವು ಕೇಳುವುದು?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ, ಪವರ್‌ಲೂಮ್ ಕೆಲಸ. ಒಂದೂವರೆ ವರ್ಷದ ಹಿಂದೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ದಿನವೂ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳಬೇಕು. ಮಗಳಿಗೆ ವರ ನೋಡುತ್ತಿರುವುದರಿಂದ ವಿಷಯ ಮುಚ್ಚಿಟ್ಟಿದ್ದೇವೆ. ಗೊತ್ತಿರುವ ಒಬ್ಬಿಬ್ಬರು ‘ಮೈಕೈ ತುಂಬಿಕೊಂಡು ಛಲೋ ಅದಾನ, ಎಂಥಾ ಕ್ಯಾನ್ಸರು?’ ಎನ್ನುತ್ತಾರೆ. ಅವರಿಗೆ ಬೇಗ ದಣಿವಾಗುತ್ತದೆ, ಮಾತು ಕಡಿಮೆಯಾಗಿದೆ, ಈಚೆಗೆ ಮಾತ್ರೆಯನ್ನೂ ಆಗಾಗ ಬಿಡುತ್ತಿದ್ದಾರೆ. ನಾನು ಯಾರ ಹತ್ತಿರ ಹೇಳಿಕೊಳ್ಳಲಿ?
— ಓದುಗರು, ರಬಕವಿ-ಬನಹಟ್ಟಿ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಮಾತ್ರೆ ಬಿಡುತ್ತಿರುವ ವಿಷಯ. 2001ರಲ್ಲಿ ಇಮ್ಯಾಟಿನಿಬ್ ಬಳಕೆಗೆ ಬಂದ ಮೇಲೆ ಸಿಎಂಎಲ್ ರೋಗಿಗಳಲ್ಲಿ ಬಹಳಷ್ಟು ಜನ ದುಡಿಯುತ್ತಾ, ಸಂಸಾರ ನಡೆಸುತ್ತಾ ದಶಕಗಳ ಕಾಲ ಬಾಳುತ್ತಿದ್ದಾರೆ. ಆದರೆ ಅದು ತಪ್ಪದೇ ಮಾತ್ರೆ ತೆಗೆದುಕೊಂಡವರ ಮಾತು. ಆರಾಮ ಇದ್ದೇನೆಂದು ಬಿಟ್ಟರೆ ಕಾಯಿಲೆ ಸದ್ದಿಲ್ಲದೆ ಹೆಚ್ಚುತ್ತದೆ, ರಕ್ತದಲ್ಲಿ ಕಾಯಿಲೆ ಎಷ್ಟು ಉಳಿದಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆ ಮಾಡಿಸುವವರೆಗೆ ತಿಳಿಯುವುದೂ ಇಲ್ಲ.

ಬಿಡಲು ಕಾರಣ ಮರೆವೇ ಆಗಿರಬೇಕೆಂದಿಲ್ಲ. ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿಕೊಳ್ಳುವುದು, ವಾಕರಿಕೆ, ಮೀನಖಂಡ ಸೆಟೆದುಕೊಳ್ಳುವುದು ಈ ಔಷಧದಿಂದ ಆಗುವ ತೊಂದರೆಗಳು. ದಿನವಿಡೀ ಮಗ್ಗದ ಮುಂದೆ ನಿಲ್ಲುವವರಿಗೆ ಕಾಲಿನ ಸೆಳೆತ ಸಣ್ಣ ಸಂಗತಿಯಲ್ಲ. ಊಟದ ಜೊತೆಗೆ, ದೊಡ್ಡ ಲೋಟದ ತುಂಬ ನೀರು ಕುಡಿದು ಮಾತ್ರೆ ತೆಗೆದುಕೊಂಡರೆ ವಾಕರಿಕೆ ಕಡಿಮೆಯಾಗುತ್ತದೆ. ಉಳಿದದ್ದನ್ನು ವೈದ್ಯರಿಗೆ ಹೇಳಿದರೆ ಅದಕ್ಕೂ ಔಷಧವಿದೆ, ಅಗತ್ಯವಿದ್ದರೆ ಬೇರೆ ಮಾತ್ರೆಗೆ ಬದಲಾಯಿಸಲೂ ಬರುತ್ತದೆ. ಬಿಟ್ಟ ದಿನಗಳ ಲೆಕ್ಕವನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ.

ಇನ್ನು ಮಗಳ ಮದುವೆಯ ಅಂಜಿಕೆ. ಸಿಎಂಎಲ್ ಅಂಟುರೋಗವಲ್ಲ, ವಂಶದಲ್ಲಿ ಇಳಿದು ಬರುವುದೂ ಅಲ್ಲ. ಅಸ್ಥಿಮಜ್ಜೆಯ ಒಂದು ಜೀವಕೋಶದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗಿ ಈ ಕಾಯಿಲೆ ಶುರುವಾಗುತ್ತದೆ; ಈ ಬದಲಾವಣೆ ಹುಟ್ಟಿದ ಮೇಲೆ ಆಗುವಂಥದ್ದು, ಮಕ್ಕಳಿಗೆ ದಾಟುವುದಿಲ್ಲ. ಊರಿಗೆಲ್ಲ ಹೇಳಿ ಎಂದು ನಾನು ಹೇಳಲಾರೆ, ಅದು ನಿಮ್ಮ ಮನೆಯ ತೀರ್ಮಾನ. ಆದರೆ ಯಜಮಾನರ ಒಪ್ಪಿಗೆ ಪಡೆದು, ನಂಬಿಕೆಯ ಇಬ್ಬರಿಗೆ ಹೇಳಿ, ಅವರಿಗೆ ಒಂದೊಂದು ಕೆಲಸ ಒಪ್ಪಿಸಿ: ತಪಾಸಣೆಯ ದಿನ ಅಣ್ಣತಮ್ಮಂದಿರಲ್ಲಿ ಒಬ್ಬರು ಜೊತೆಗೆ ಹೋಗಲಿ, ದಣಿವಾದ ದಿನ ಜೊತೆಗಾರರೊಬ್ಬರು ಮಗ್ಗ ನೋಡಿಕೊಳ್ಳಲಿ. ಕೆಲಸ ಗೊತ್ತಾದವರು ನೆರವಿಗೆ ನಿಲ್ಲುತ್ತಾರೆ. ಬರೀ ಸುದ್ದಿ ಗೊತ್ತಾದವರು ಸಲಹೆ ಕೊಡಲು ಬರುತ್ತಾರೆ, ಜೊತೆಗೊಂದು ನಾಟಿ ಔಷಧವನ್ನೂ ತರುತ್ತಾರೆ. ವೈದ್ಯರನ್ನು ಕೇಳದೆ ಅದನ್ನು ಇಮ್ಯಾಟಿನಿಬ್ ಜೊತೆ ಸೇರಿಸಬೇಡಿ.

ಯಜಮಾನರ ಮೌನ ಮುರಿಯಲು ಅದೇ ಕಾಯಿಲೆಯ ಇನ್ನೊಬ್ಬರ ಮಾತು ನಮ್ಮೆಲ್ಲರ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬೆಳಗಾವಿಗೆ ಹೋಗುತ್ತಿರಲಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಿರಲಿ, ‘ಹಲವು ವರ್ಷಗಳಿಂದ ಇದೇ ಮಾತ್ರೆಯಲ್ಲಿರುವವರು ಮಾತಾಡಲು ಒಪ್ಪುತ್ತಾರೆಯೇ?’ ಎಂದು ವೈದ್ಯರನ್ನೋ ಅಲ್ಲಿನ ಸಮಾಜ ಕಾರ್ಯಕರ್ತರನ್ನೋ ಕೇಳಿ. ಸಿಎಂಎಲ್ ರೋಗಿಗಳಿಗಾಗಿ ಫ್ರೆಂಡ್ಸ್ ಆಫ್ ಮ್ಯಾಕ್ಸ್ ಎಂಬ ಬಳಗವೂ ನಮ್ಮ ದೇಶದಲ್ಲಿದೆ. ಸಿಎಂಎಲ್ ಇರುವವರನ್ನೇ ಹುಡುಕಿ ಎನ್ನಲು ಕಾರಣವಿದೆ: ತೀವ್ರ ಸ್ವರೂಪದ ರಕ್ತದ ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ ಮಲಗಿ ಕಿಮೋಥೆರಪಿ ಪಡೆದವರ ಅನುಭವ ನಿಮ್ಮವರಿಗೆ ಹೊಂದುವುದಿಲ್ಲ, ಬದಲಿಗೆ ಹೆದರಿಸುತ್ತದೆ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ. ಆದರೂ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವಾಗ ರೋಗಿಗೂ ಜೊತೆಗಿರುವ ಒಬ್ಬರಿಗೂ ಟಿಕೆಟ್ ರಿಯಾಯಿತಿ ಸಿಗುತ್ತದೆ, ಆಸ್ಪತ್ರೆಯಿಂದ ಅದರ ಪ್ರಮಾಣಪತ್ರ ಬರೆಸಿಕೊಳ್ಳಿ.

ಕಡೆಯದಾಗಿ ನಿಮ್ಮ ಪ್ರಶ್ನೆ. ಎಲ್ಲರಿಗಿಂತ ಹೆಚ್ಚು ಭಾರ ಹೊತ್ತವರು ನೀವೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರೋಗಿಯ ಮನೆಯವರೂ ಕರೆ ಮಾಡಬಹುದು. ಯಜಮಾನರಿಗೆ ನಿದ್ದೆ, ಊಟ ಎರಡೂ ಸೇರದಿದ್ದರೆ ಅಥವಾ ಬದುಕೇ ಬೇಡವೆಂಬ ಮಾತು ಬಂದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.