ಕರಿದ ತರಕಾರಿ ಹೋಟೆಲಿನ ಸ್ಟಾರ್ಟರ್ ಥರ ಗರಿಗರಿಯಾಗಿ ಬರಬೇಕಾದರೆ ಹಿಟ್ಟಿಗೆ ಏನು ಸೇರಿಸಬೇಕು?

ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಹಿಟ್ಟಿನ ಬಗ್ಗೆಯೇ ಇದೆ. ಅಕ್ಕಿಹಿಟ್ಟೋ ಕಾರ್ನ್‌ಫ್ಲೋರೋ, ಸೋಡಾ ಹಾಕಬೇಕೋ ಬೇಡವೋ ಅಂತ. ನನ್ನ ಕಣ್ಣು ನಿಂತಿದ್ದು ಮಾತ್ರ ಕೊನೆಯಲ್ಲಿ ನೀವು ಸುಮ್ಮನೆ ಸೇರಿಸಿದ ಒಂದು ಸಾಲಿನ ಮೇಲೆ: "ಶನಿವಾರ ಎಂಟು ಜನ ಬರುತ್ತಾರೆ, ಎಲ್ಲ ಮೊದಲೇ ಕರಿದು ಬಿಸಿ ಆರದಿರಲಿ ಅಂತ ಹಾಟ್‌ಬಾಕ್ಸಿನಲ್ಲಿ ಮುಚ್ಚಿಡುತ್ತೇನೆ." ಓದಿ ಎದೆ ಧಸಕ್ಕೆಂದಿತು. ಇದನ್ನೇ ನಾನು ಐವತ್ತು ಜನರಿಗೆ ಮಾಡಿ ಕೂತವಳು.

ಆಗ ಗೆಳತಿಯ ಜೊತೆ ಸೇರಿ ಒಂದು ಸಣ್ಣ ರೆಸ್ಟೋರೆಂಟ್ ನಡೆಸುತ್ತಿದ್ದೆ. ಹನ್ನೆರಡು ಟೇಬಲ್, ಅಡುಗೆಮನೆಯಲ್ಲಿ ಮೂರು ಜನ. ನಮ್ಮಲ್ಲಿ ಊಟಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಕರಿದ ತರಕಾರಿಯ ತಟ್ಟೆ: ಹೂಕೋಸು, ಅಣಬೆ, ಬಳೆಯಂತೆ ಹೆಚ್ಚಿದ ಈರುಳ್ಳಿ. ಎಷ್ಟೋ ಜನ ಮೆನು ಬಿಡಿಸುವ ಮೊದಲೇ ಅದನ್ನು ಹೇಳಿಬಿಡುತ್ತಿದ್ದರು. ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರಿದ್ದರು. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತು, ಹೂಕೋಸಿನ ಒಂದೊಂದೇ ತುಂಡನ್ನು ಬೆರಳಲ್ಲಿ ಹಿಡಿದು, ಕಚ್ಚುವ ಮೊದಲು ಒಂದು ಕ್ಷಣ ನೋಡುತ್ತಿದ್ದರು. ಅವರೇ ಒಮ್ಮೆ ತಮ್ಮ ಯಜಮಾನರ ಎಪ್ಪತ್ತನೇ ಹುಟ್ಟುಹಬ್ಬವನ್ನು ನಮ್ಮಲ್ಲೇ ಮಾಡಬೇಕೆಂದು ಬಂದು, "ಊಟಕ್ಕೆ ನೀವೇನು ಮಾಡಿದರೂ ಸರಿ ಮಗಳೇ, ಮೊದಲು ಆ ಹೂಕೋಸು ಬರಬೇಕು" ಅಂದರು. ಅವರ ಮಗನ ಆಫೀಸಿನಿಂದ ದಿನದ ಊಟದ ಆರ್ಡರ್ ಬರುವ ಮಾತೂ ನಡೆದಿತ್ತು. ಆ ಸಂಜೆ ಬಂದು ತಿಂದು ನೋಡಿ ಹೇಳುತ್ತೇವೆ ಅಂದಿದ್ದರು.

ಏಳು ಗಂಟೆಗೆ ಅತಿಥಿಗಳು. ನನಗೆ ಭಯ. ಐವತ್ತು ಜನ ಒಟ್ಟಿಗೆ ಕೂತಾಗ ಬಾಣಲೆಯ ಮುಂದೆ ಪರದಾಡಬಾರದು, ಸ್ಟಾರ್ಟರ್ ತಡವಾದರೆ ಮರ್ಯಾದೆ ಹೋಗುತ್ತೆ ಅಂತ ಆರು ಗಂಟೆಗೇ ಕರಿಯಲು ಶುರು ಮಾಡಿಸಿದೆ. ಎರಡು ದೊಡ್ಡ ಹಾಟ್‌ಬಾಕ್ಸ್ ತರಿಸಿದ್ದೆ. ಕರಿದದ್ದನ್ನು ಬಿಸಿಬಿಸಿಯಾಗಿ ಅದರೊಳಗೆ ಸುರಿದು ಮುಚ್ಚಳ ಬಿಗಿ ಮಾಡಿಸಿದೆ. ಬಾಣಲೆಯ ಹತ್ತಿರ ನಿಂತಿದ್ದ ಹುಡುಗ, ನನಗಿಂತ ಹತ್ತು ವರ್ಷ ಚಿಕ್ಕವನು, "ಮುಚ್ಚಬೇಡಿ ಅಕ್ಕಾ, ಬೆವರುತ್ತೆ" ಅಂದ. "ಆರಿ ಹೋದರೆ ಯಾರು ತಿಂತಾರಪ್ಪಾ, ನೀನು ಕರಿ" ಅಂದೆ. ಅವನು ಮತ್ತೊಮ್ಮೆ ಹೇಳಲಿಲ್ಲ.

ಎಲ್ಲರೂ ಬಂದು ಕೂರುವ ಹೊತ್ತಿಗೆ ಏಳೂವರೆ. ನಾನೇ ಮುಚ್ಚಳ ತೆಗೆದೆ. ಅದರ ಒಳಮೈ ತುಂಬ ನೀರಿನ ಹನಿ. ಓರೆ ಮಾಡಿದಾಗ ಹನಿಗಳು ಒಂದಕ್ಕೊಂದು ಸೇರಿ ಗೆರೆಯಾಗಿ ಇಳಿದು, ತೊಟತೊಟ ಅಂತ ಹೂಕೋಸಿನ ಮೇಲೇ ಬಿದ್ದವು. ಮೇಲಿನ ತುಂಡುಗಳು ಮೆತ್ತಗಾಗಿದ್ದವು. ತಳದವು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಅಣಬೆಯನ್ನು ಎತ್ತಿದರೆ ಹಿಟ್ಟು ನೆನೆದ ಕಾಗದದಂತೆ ಕಳಚಿಕೊಂಡು ಬೆರಳಿಗೆ ಬಂತು. ಮತ್ತೆ ಕರಿಸೋಣವೆಂದರೆ ಅಷ್ಟರಲ್ಲಿ ಊಟದ ತಯಾರಿಗೆ ಒಲೆಗಳೆಲ್ಲ ತುಂಬಿದ್ದವು. ಬಿಸಿಯಂತೂ ಇತ್ತು. ಬಿಸಿ ಇದೆಯಲ್ಲ ಅನ್ನುವ ಒಂದೇ ಧೈರ್ಯದ ಮೇಲೆ ಹೊರಗೆ ಕಳಿಸಿದೆ.

ಆ ಹಾಲ್‌ನಲ್ಲಿ ಐವತ್ತು ಜನ ಸ್ಟಾರ್ಟರ್ ತಿನ್ನುತ್ತಿದ್ದರು, ಒಂದು ಕರುಂ ಸದ್ದಿಲ್ಲ. ಯಾರೋ ಈರುಳ್ಳಿ ಕಚ್ಚಿದರು, ಒಳಗಿನ ಈರುಳ್ಳಿ ಪೂರ್ತಿಯಾಗಿ ಜಾರಿ ಬಾಯಿಗೆ ಹೋಯಿತು, ಹಿಟ್ಟಿನ ಖಾಲಿ ಬಳೆ ಕೈಯಲ್ಲಿ ಉಳಿಯಿತು. ಆ ಹಿರಿಯರು ಎರಡು ತುಂಡು ತಿಂದು ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು. ಹೋಗುವಾಗ ನಾನು ಏನೋ ಹೇಳಲು ಹೊರಟರೆ, "ಪರವಾಗಿಲ್ಲ ಬಿಡಮ್ಮ" ಅಂದರು. ಮತ್ತೆ ಬರಲಿಲ್ಲ. ಆಫೀಸಿನ ಆರ್ಡರೂ ಬರಲಿಲ್ಲ. ಮುಂದಿನ ವರ್ಷ ಅಂಗಡಿ ಮುಚ್ಚಿದೆವು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಆರ್ಡರ್ ಬಂದಿದ್ದರೆ ಬಾಡಿಗೆಯ ಚಿಂತೆ ತಪ್ಪುತ್ತಿತ್ತು.

ಆಮೇಲೆ ಎಷ್ಟೋ ದಿನ ನಾನು ಹಿಟ್ಟನ್ನೇ ಬೈದುಕೊಂಡೆ, ಈಗ ನೀವು ಮಾಡುತ್ತಿರುವ ಹಾಗೆ. ಹಿಟ್ಟಿನದ್ದು ಏನೂ ತಪ್ಪಿರಲಿಲ್ಲ. ತಪ್ಪು ಎಲ್ಲಿತ್ತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೂರು ಗ್ರಾಂ ಹೂಕೋಸಿನಲ್ಲಿ ಸುಮಾರು 92 ಗ್ರಾಂ ನೀರೇ. ಅಣಬೆಯೂ ಹೆಚ್ಚುಕಡಿಮೆ ಅಷ್ಟೇ, ಈರುಳ್ಳಿ ಸ್ವಲ್ಪ ಕಡಿಮೆ. ಅಂದರೆ ನಾವು ಕರಿಯುತ್ತಿರುವುದು ಹಿಟ್ಟಿನ ಅಂಗಿ ತೊಟ್ಟ ನೀರನ್ನು. 180 ಡಿಗ್ರಿಯ ಎಣ್ಣೆಗೆ ಬಿದ್ದ ಕೂಡಲೇ ಹೊರಪದರದ ನೀರು ಆವಿಯಾಗಿ ಹೊರಗೆ ಧಾವಿಸುತ್ತದೆ. ಬಾಣಲೆಯಲ್ಲಿ ಕಾಣುವ ಆ ಗುಳ್ಳೆಗಳೆಲ್ಲ ಅದೇ, ಎಣ್ಣೆ ಕುದಿಯುತ್ತಿರುವುದಲ್ಲ. ಹಿಟ್ಟು ಹೀಗೆ ಒಣಗಿ ಗಟ್ಟಿಯಾದಾಗ ಗರಿಗರಿ ಹುಟ್ಟುತ್ತದೆ. ಒಳಗಿನ ತರಕಾರಿ ಮಾತ್ರ ನೂರು ಡಿಗ್ರಿಯ ಆಸುಪಾಸಿನಲ್ಲಿ ಹಬೆಯಲ್ಲೇ ಬೇಯುತ್ತಿರುತ್ತದೆ, ನೀರು ಇನ್ನೂ ತುಂಬ ಇರುತ್ತದೆ. ಎಣ್ಣೆಯಿಂದ ಎತ್ತಿದ ಮೇಲೂ ಆ ಹಬೆ ನಿಲ್ಲುವುದಿಲ್ಲ. ಬಯಲಲ್ಲಿಟ್ಟರೆ ಗಾಳಿಗೆ ಹೋಗುತ್ತದೆ. ಮುಚ್ಚಿಟ್ಟರೆ ಮುಚ್ಚಳಕ್ಕೆ ತಗುಲಿ ನೀರಾಗಿ, ಅಷ್ಟು ಕಷ್ಟಪಟ್ಟು ಒಣಗಿಸಿದ ಪದರದ ಮೇಲೇ ವಾಪಸ್ ಬೀಳುತ್ತದೆ. ಬೀಳದಿದ್ದರೂ ಒಳಗಿನ ಗಾಳಿಯೇ ಹಸಿಯಾಗಿ ಪದರ ಅದನ್ನು ಹೀರಿಕೊಳ್ಳುತ್ತದೆ. ಹಾಟ್‌ಬಾಕ್ಸ್ ಬಿಸಿಯನ್ನು ಹಿಡಿದಿಡುತ್ತದೆ, ನಿಜ. ಆದರೆ ಹಬೆಯನ್ನೂ ಹಿಡಿದಿಡುತ್ತದೆ. ಅನ್ನಕ್ಕೆ ಅದು ಒಳ್ಳೆಯದು, ಕರಿದದ್ದಕ್ಕೆ ಅಲ್ಲ. ನಾನು ಒಂದೂವರೆ ಗಂಟೆ ಹೊತ್ತು ಐವತ್ತು ಜನರ ಸ್ಟಾರ್ಟರನ್ನು ಹಬೆಯಲ್ಲಿ ಬೇಯಿಸಿದ್ದೆ. ಆ ಹುಡುಗ "ಬೆವರುತ್ತೆ" ಅನ್ನುವ ಒಂದೇ ಮಾತಿನಲ್ಲಿ ಇಷ್ಟನ್ನೂ ಹೇಳಿ ಮುಗಿಸಿದ್ದ.

ಹಾಗಾಗಿ ಹೋಟೆಲಿನವರ ಹತ್ತಿರ ಯಾವುದೋ ಗುಟ್ಟಿನ ಪುಡಿ ಇದೆ ಅನ್ನುವ ಮಾತನ್ನು ಮೊದಲು ಬಿಡಿ. ಅವರ ಹತ್ತಿರ ಇರುವುದು ಎರಡು: ಸದಾ ಕಾದಿರುವ ಎಣ್ಣೆ, ಮತ್ತು ಬಾಣಲೆಯಿಂದ ನಿಮ್ಮ ಟೇಬಲ್ಲಿಗೆ ಎರಡು ನಿಮಿಷದ ದಾರಿ. ಅದೇ ತಟ್ಟೆಯನ್ನು ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ತಂದು ನೋಡಿ, ನಿಮ್ಮದಕ್ಕಿಂತ ಮೆತ್ತಗಿರುತ್ತದೆ. ಇನ್ನೊಂದು ಮಾತು. ಹೋಟೆಲಿಗೆ ಹೋದಾಗ ಕರಿದ ತರಕಾರಿ ಬಂದ ಮೇಲೆ "ಎಲ್ಲರೂ ಬರಲಿ" ಅಂತ ಕಾಯಬೇಡಿ. ಜನ ಬಂದ ಮೇಲೆ ಆರ್ಡರ್ ಮಾಡಿ, ಬಂದ ಕೂಡಲೇ ಕೈ ಹಾಕಿ. ಇದರಲ್ಲಿ ಸಂಕೋಚ ನನಗೆ ಅರ್ಥವೇ ಆಗುವುದಿಲ್ಲ. ಅದು ಕಾಯುವ ತಿಂಡಿ ಅಲ್ಲ. ಅದರ ಮೇಲೆ ಸಾಸ್ ಸುರಿಯುವವರನ್ನು ಕಂಡರೂ ನನಗೆ ಸಂಕಟ. ಪಕ್ಕದಲ್ಲಿ ಬಟ್ಟಲಲ್ಲಿ ಇಟ್ಟುಕೊಂಡು ತುದಿ ಅದ್ದಿ ತಿನ್ನಬಾರದೇ?

ಸದ್ದಿನ ವಿಷಯ ಹೇಳಿದೆನಲ್ಲ, ಅದು ಬರೀ ನನ್ನ ಭಾವನೆ ಅಲ್ಲ. 2004ರಲ್ಲಿ ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸಿಮಿಲಿಯಾನೊ ಜಂಪೀನಿ ಅನ್ನುವ ಸಂಶೋಧಕರು ಜನರಿಗೆ ಹೆಡ್‌ಫೋನ್ ಹಾಕಿಸಿ ಆಲೂಗಡ್ಡೆ ಚಿಪ್ಸ್ ಕಚ್ಚಿಸಿದರು. ಚಿಪ್ಸ್ ಎಲ್ಲ ಒಂದೇ ಥರದ್ದು. ಕಚ್ಚುವ ಸದ್ದನ್ನು ಜೋರು ಮಾಡಿ ಕೇಳಿಸಿದಾಗ ಹೆಚ್ಚು ಗರಿಗರಿ, ತಾಜಾ ಅಂದರು. ತಗ್ಗಿಸಿದಾಗ ಮೆತ್ತಗಿದೆ ಅಂದರು. ಅದನ್ನು ಓದಿದ ದಿನ ನನಗೆ ನೆನಪಾಗಿದ್ದು ಆ ಸದ್ದಿಲ್ಲದ ಹಾಲ್.

ಹಿಟ್ಟಿನ ಬಗ್ಗೆ ಕೇಳಿದ್ದೀರಿ, ಹೇಳದೆ ಬಿಡುವುದಿಲ್ಲ. ಅರ್ಧ ಮೈದಾ, ಅರ್ಧ ಅಕ್ಕಿಹಿಟ್ಟು ಅಥವಾ ಕಾರ್ನ್‌ಫ್ಲೋರ್. ತಣ್ಣೀರು, ಅಂದರೆ ಐಸ್ ನೀರು. ಕಲಸುವುದು ಕಡಿಮೆ. ಮೈದಾವನ್ನು ಕಲಸಿದಷ್ಟೂ ಅದರ ಗ್ಲುಟೆನ್ ಅನ್ನುವ ಪ್ರೋಟೀನ್ ಜಿಗುಟಾಗಿ ಪದರ ರಬ್ಬರಿನಂತಾಗುತ್ತದೆ, ಅಕ್ಕಿಯಲ್ಲೂ ಮೆಕ್ಕೆಜೋಳದಲ್ಲೂ ಆ ಜಿಗುಟಿಲ್ಲ. ಸಣ್ಣ ಗಂಟು ಉಳಿದರೆ ಉಳಿಯಲಿ. ತರಕಾರಿಯ ಮೇಲಿನ ನೀರನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಣ ಹಿಟ್ಟಿನಲ್ಲಿ ಹೊರಳಿಸಿ, ಆಮೇಲೆ ಅದ್ದಿ. ಹೆಚ್ಚಿದ ತರಕಾರಿಗೆ ಮೊದಲೇ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದೆ. ಎಣ್ಣೆಯಿಂದ ತೆಗೆದ ಕೂಡಲೇ ಮೇಲಿಂದ ಉದುರಿಸಿ. ಹಿಟ್ಟಿನ ಮಾತು ಇಷ್ಟಕ್ಕೆ ಸಾಕು.

ಎಣ್ಣೆ ಮಾತ್ರ ಮುಖ್ಯ. "ಎಣ್ಣೆ ಕುಡಿಯುತ್ತೆ ಅಂತ ಉರಿ ಸಣ್ಣ ಮಾಡುತ್ತೇನೆ" ಅಂತ ಬರೆದಿದ್ದೀರಿ. ಮಾಡಬೇಡಿ, ಉಲ್ಟಾ ಆಗುತ್ತದೆ. ಎಣ್ಣೆ ಸಾಕಷ್ಟು ಕಾದಿದ್ದರೆ ಒಳಗಿನಿಂದ ನುಗ್ಗುವ ಹಬೆ ಎಣ್ಣೆಯನ್ನು ಆಚೆಗೇ ತಡೆಯುತ್ತಿರುತ್ತದೆ. ಕಾವು ಕಡಿಮೆಯಾದರೆ ಪದರ ಕಟ್ಟುವುದೇ ತಡ, ಅಷ್ಟು ಹೊತ್ತೂ ಎಣ್ಣೆಯಲ್ಲಿ ನೆನೆಯುತ್ತದೆ. 175ರಿಂದ 185 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಕಾದಿಲ್ಲ, ಬಿದ್ದ ತಕ್ಷಣ ಕಪ್ಪಾದರೆ ವಿಪರೀತ ಕಾದಿದೆ, ಅರ್ಧ ಇಳಿದು ಸೊರ್ರನೆ ಮೇಲೆ ಬಂದರೆ ಹದ. ಒಮ್ಮೆಗೆ ಬಾಣಲೆಯ ಅರ್ಧದಷ್ಟು ಮಾತ್ರ ತುಂಬಿ. ತಣ್ಣನೆಯ ತರಕಾರಿ ರಾಶಿ ಬಿದ್ದರೆ ಕಾವು ಕುಸಿದುಹೋಗುತ್ತದೆ.

ಎಣ್ಣೆಯ ಬಗ್ಗೆ ನನಗೆ ತಡವಾಗಿ ತಿಳಿದ ಇನ್ನೊಂದು ವಿಷಯವಿದೆ. ಎಣ್ಣೆ ಹೆಚ್ಚಾಗಿ ಒಳಗೆ ಹೋಗುವುದು ಬಾಣಲೆಯಲ್ಲಿದ್ದಾಗ ಅಲ್ಲ, ಹೊರಗೆ ತೆಗೆದ ಮೇಲೆ. ಪದರ ಆರುತ್ತಿದ್ದಂತೆ ಅದರ ರಂಧ್ರಗಳಲ್ಲಿದ್ದ ಹಬೆ ನೀರಾಗಿ ಕುಗ್ಗುತ್ತದೆ, ಆ ಖಾಲಿ ಜಾಗಕ್ಕೆ ಮೈಮೇಲೆ ಅಂಟಿದ ಎಣ್ಣೆ ಸೆಳೆದುಕೊಳ್ಳುತ್ತದೆ. ಅದಕ್ಕೇ ಜಾಲರಿ ಸೌಟಿನಲ್ಲಿ ಎತ್ತಿದ ಆ ಹತ್ತು ಸೆಕೆಂಡಿಗೆ ಅಷ್ಟು ಬೆಲೆ. ಬಾಣಲೆಯ ಮೇಲೇ ಎರಡು ಸಲ ಚೆನ್ನಾಗಿ ಕೊಡವಿ, ತಂತಿಯ ಜಾಲರಿಯ ಮೇಲೆ ಒಂದೇ ಸಾಲಾಗಿ ಹರವಿ. ಕಾಗದದ ಮೇಲೆ ರಾಶಿ ಹಾಕಿದರೆ ಅಡಿಭಾಗ ಬೆವರುತ್ತದೆ, ಮತ್ತೆ ಅದೇ ಕಥೆ.

ಇನ್ನು ಶನಿವಾರ. ಎಂಟು ಜನ ಅಂದರೆ ಐದಾರು ಸುತ್ತು, ಅಷ್ಟೇ. ನಾನಾಗಿದ್ದರೆ ಸಂಜೆಯೇ ಹೂಕೋಸನ್ನು 160 ಡಿಗ್ರಿಯಲ್ಲಿ, ಬಣ್ಣ ಬರುವ ಮೊದಲೇ, ಅರ್ಧ ಕರಿದು ಜಾಲರಿಯ ಮೇಲೆ ಹರವಿಡುತ್ತೇನೆ, ಮುಚ್ಚದೆ. ಜನ ಬಂದು ಕೂತ ಮೇಲೆ 190ರಲ್ಲಿ ಒಂದು ನಿಮಿಷ. ಎರಡನೇ ಸಲ ಕರಿದಾಗ ಹೊರಪದರದಲ್ಲಿ ಉಳಿದ ನೀರೂ ಹೋಗಿ, ಗರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎಷ್ಟೋ ಹೋಟೆಲುಗಳಲ್ಲಿ ಮೊದಲೇ ತಯಾರು ಮಾಡಿಟ್ಟುಕೊಳ್ಳುವುದು ಅಂದರೆ ಇದೇ. ಈರುಳ್ಳಿ, ಅಣಬೆ ಅಲ್ಲೇ ಹಸಿಯಿಂದ ಕರಿಯಿರಿ, ಬೇಗ ಆಗುತ್ತವೆ. ಬಿಸಿಯಾಗಿ ಇಡಲೇಬೇಕಾದರೆ ಓವನ್ನನ್ನು 100 ಡಿಗ್ರಿಗೆ ಹಚ್ಚಿ ಜಾಲರಿಯ ಮೇಲೆ ಇಡಿ, ಹಬೆ ಹೋಗಲು ಬಾಗಿಲು ಒಂದು ಬೆರಳಷ್ಟು ತೆರೆದಿರಲಿ. ಏರ್‌ಫ್ರೈಯರ್ ಕೊಳ್ಳಲೇ ಅಂತಲೂ ಕೇಳಿದ್ದೀರಿ. ಇದಕ್ಕೆ ಬೇಡ. ಅದರಲ್ಲಿರುವುದು ಬಿಸಿಗಾಳಿ. ನೀರಾಗಿ ಕಲಸಿದ ಹಿಟ್ಟು ಗಟ್ಟಿಯಾಗುವ ಮೊದಲೇ ಸೋರಿಹೋಗುತ್ತದೆ.

ಅತಿಥಿಗಳನ್ನು ಅಡುಗೆಮನೆಗೇ ಕರೆಯಿರಿ. ಮಕ್ಕಳಿದ್ದರೆ ಒಲೆಯಿಂದ ದೂರ ನಿಲ್ಲಿಸಿ. ಎಣ್ಣೆಗೆ ಬೆಂಕಿ ಹೊತ್ತಿಕೊಂಡರೆ ನೀರು ಸುರಿಯಬಾರದು, ಗ್ಯಾಸ್ ಆರಿಸಿ ಬಾಣಲೆಗೆ ಲೋಹದ ಮುಚ್ಚಳ ಹಾಕಬೇಕು. ಇಡೀ ಸಂಜೆಯಲ್ಲಿ ಮುಚ್ಚಳಕ್ಕೆ ಅದೊಂದೇ ಕೆಲಸ. ಒಂದೊಂದು ಸುತ್ತು ಬಂದ ಹಾಗೆ ಜಾಲರಿಯಿಂದಲೇ ಎತ್ತಿಕೊಂಡು ತಿನ್ನಲಿ. ಕೊನೆಯ ಸುತ್ತು ಅಣಬೆಯದ್ದಾಗಿರಲಿ, ಅದು ನಿಮಗೆ. ಒಲೆ ಆರಿಸಿ ನಿಂತಲ್ಲೇ ತಿನ್ನಿ. ಒಂದು ನಿಮಿಷ ಬಿಟ್ಟು ಕಚ್ಚಿ, ಅಣಬೆಯೊಳಗಿನ ನೀರು ನಾಲಿಗೆ ಸುಡುತ್ತದೆ.