ಪ್ರೌಢಶಾಲೆಗೆ ಯಾವ ಜಾಗ? ಗೋಮಾಳವೇ ಸರಿ, ಆದರೆ ಮೊದಲು ದನಗಳ ಲೆಕ್ಕ ತನ್ನಿ

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು, ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಹೆಸರು-ಊರು ಹಾಕಬೇಡಿ ಎಂದು ಹೇಳಿ ಬರೆದಿದ್ದಾರೆ: "ನಮ್ಮೂರಿಗೆ ಸರ್ಕಾರಿ ಪ್ರೌಢಶಾಲೆ ಮಂಜೂರಾಗಿದೆ. ಪ್ರಾಥಮಿಕ ಶಾಲೆಯ ಎರಡು ಕೊಠಡಿಯಲ್ಲಿ ತರಗತಿ ನಡೆಯುತ್ತಿದೆ. ಜಾಗ ತೋರಿಸಿದರೆ ಕಟ್ಟಡ ಅನ್ನುತ್ತಾರೆ. ಕೆಲವರು ಒಂದೂವರೆ ಕಿ.ಮೀ. ಆಚೆಯ ಗೋಮಾಳ ಅನ್ನುತ್ತಾರೆ. ಸರ್ವೆ ನಂಬರಿನ ವಿಸ್ತೀರ್ಣ 86 ಎಕರೆ, ಮೇಲೆ 66 ಕೆ.ವಿ. ತಂತಿ ಹೋಗಿದೆ. ಹಿರಿಯರೊಬ್ಬರು ಹೆದ್ದಾರಿ ಪಕ್ಕ 1 ಎಕರೆ 20 ಗುಂಟೆ ದಾನ ಕೊಡುತ್ತೇನೆ ಅನ್ನುತ್ತಾರೆ, ಅವರಿಗೂ ಬೇಸರವಾಗಬಾರದು. ಇನ್ನು ಕೆಲವರಿಗೆ ಊರ ಪಕ್ಕದ ಕೆರೆ ಅಂಗಳ ಸಾಕು, ಅಲ್ಲಿಗೆ ವರ್ಷಗಳಿಂದ ನೀರೇ ಬಂದಿಲ್ಲ. ಹುಡುಗರು ಮಾತ್ರ, ನಾಲ್ಕು ಊರಿಗೂ ಮಧ್ಯದ ಖಾಸಗಿ ಹೊಲವನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳಲಿ ಅನ್ನುತ್ತಾರೆ. ಯಾವುದು ಸರಿ?"

ಮಾನ್ಯರೇ,

ಕೆರೆ ಅಂಗಳವನ್ನು ಇವತ್ತೇ ಪಟ್ಟಿಯಿಂದ ತೆಗೆದುಹಾಕಿ. ಅದರ ಮೇಲೆ ಚರ್ಚೆಯೇ ಬೇಡ. ನೀರು ಬರದ ಕೆರೆಯೂ ದಾಖಲೆಯಲ್ಲಿ ಕೆರೆಯೇ. ಕೆರೆ ಸಂರಕ್ಷಣೆಗೆ 2014ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಅದಿಲ್ಲದಿದ್ದರೂ ಒಂದು ಒಳ್ಳೆಯ ಮಳೆಗಾಲ ಸಾಕು, ಹೂಳಿನ ಮೇಲೆ ನಿಂತ ಗೋಡೆ ಬಿರುಕು ಬಿಡುತ್ತದೆ.

ಹುಡುಗರ ಸಲಹೆ ಕೇಳಲು ನ್ಯಾಯವಾಗಿದೆ, ಆದರೆ ಅದು ಕೊನೆಯ ದಾರಿ. 2013ರ ಭೂಸ್ವಾಧೀನ ಕಾಯ್ದೆ (ಜಾರಿಗೆ ಬಂದದ್ದು 2014ರ ಜನವರಿ 1) ಸರ್ಕಾರಿ ಶಾಲೆಯನ್ನು ಸಾರ್ವಜನಿಕ ಉದ್ದೇಶವೆಂದು ಒಪ್ಪುತ್ತದೆ. ತೊಡಕು ಇರುವುದು ಕಾಲ ಮತ್ತು ಹಣದಲ್ಲಿ. ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ 6 ತಿಂಗಳು, ಪ್ರಾಥಮಿಕ ಅಧಿಸೂಚನೆಯ ನಂತರ ಆಕ್ಷೇಪಣೆಗೆ 60 ದಿನ, ಅಂತಿಮ ಘೋಷಣೆಗೆ 12 ತಿಂಗಳವರೆಗೆ, ಅದಾದ ಮೇಲೆ ಐತೀರ್ಪಿಗೆ (ಪರಿಹಾರ ನಿಗದಿ ಮಾಡುವ ಆದೇಶಕ್ಕೆ) ಇನ್ನೂ 12 ತಿಂಗಳವರೆಗೆ ಅವಕಾಶವಿದೆ. ಇಂದು ಎಂಟನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸಿದರೂ ಕಡತ ಓಡಾಡುತ್ತಲೇ ಇರಬಹುದು. ಹಣದ ಲೆಕ್ಕ ನೋಡಿ. ಎಕರೆಗೆ ಮಾರುಕಟ್ಟೆ ಬೆಲೆ 10 ಲಕ್ಷ ಎಂದು ನಿಗದಿಯಾಯಿತು ಅನ್ನೋಣ. ಹಳ್ಳಿಯ ಜಮೀನಿಗೆ ಅದನ್ನು 1ರಿಂದ 2ರವರೆಗಿನ ಅಂಶದಿಂದ ಗುಣಿಸಬೇಕು. 2 ಅಂದರೆ 20 ಲಕ್ಷ. ಅದರ ಮೇಲೆ ಶೇ. 100 ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಪರಿಹಾರ) ಸೇರಿ 40 ಲಕ್ಷ. ಮೂಲ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ. 12 ಬೇರೆ. ಐದು ಎಕರೆಗೆ ಎರಡು ಕೋಟಿ ದಾಟಿತು. ಇಷ್ಟು ಹಣದಲ್ಲಿ ಎಷ್ಟು ಕೊಠಡಿ ಕಟ್ಟಬಹುದೆಂದು ನಿಮ್ಮ ಹುಡುಗರನ್ನೇ ಕೇಳಿ. ಸರ್ಕಾರಿ ಜಮೀನೇ ಇಲ್ಲದ ಊರುಗಳಿಗೆ ಮಾತ್ರ ಈ ದಾರಿ ಅನಿವಾರ್ಯ. ಅಲ್ಲಿಯೂ ಒಪ್ಪಿ ಮಾರುವವರು ಸಿಕ್ಕರೆ ನೇರ ಖರೀದಿ ಮೇಲು.

ಉಳಿದದ್ದು ದಾನದ ಜಾಗ ಮತ್ತು ಗೋಮಾಳ.

ದಾನದ ಜಾಗಕ್ಕೆ ಮೊದಲು ಟೇಪು ಹಿಡಿಯಿರಿ. ಹೆದ್ದಾರಿಯ ನಡುಗೆರೆಯಿಂದ 40 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ. ರಸ್ತೆಯ ಸ್ವಂತ ಜಾಗ ನಡುಗೆರೆಯಿಂದ 15 ಮೀಟರ್ ಇದ್ದರೆ ಉಳಿದ 25 ಮೀಟರ್ ದಾನಿಯ ಹೊಲದೊಳಗೇ ಬೀಳುತ್ತದೆ. ರಸ್ತೆಗುಂಟ ಜಾಗದ ಉದ್ದ 60 ಮೀಟರ್ ಇದ್ದರೆ ಹೋಗುವುದು 1,500 ಚದರ ಮೀಟರ್, ಅಂದರೆ ಸುಮಾರು 15 ಗುಂಟೆ. ಅರವತ್ತು ಗುಂಟೆಯಲ್ಲಿ ಕಾಲು ಭಾಗ ಹೋಯಿತು. "ಅಲ್ಲಿ ಆಟದ ಮೈದಾನ ಮಾಡೋಣ" ಎಂದು ಯಾರಾದರೂ ಹೇಳೇ ಹೇಳುತ್ತಾರೆ. ರಸ್ತೆ ಅಗಲವಾಗುವ ದಿನ ಮೊದಲು ಹೋಗುವುದು ಅದೇ ಮೈದಾನ.

ಕಾಗದದ ಮಾತಿಗೆ ಬಂದರೆ, ಹಿರಿಯರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಬಾಯಿಮಾತಿನ ದಾನ ಕಾನೂನಿನಲ್ಲಿ ನಿಲ್ಲುವುದಿಲ್ಲ. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಬರೆದುಕೊಟ್ಟ ಒಪ್ಪಿಗೆ ಪತ್ರವೂ ನಿಲ್ಲುವುದಿಲ್ಲ. ಸ್ಥಿರಾಸ್ತಿಯ ದಾನಪತ್ರ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಂದಣಿಯಾಗಲೇಬೇಕು, ದಾನಿ ಬದುಕಿರುವಾಗಲೇ ಇಲಾಖೆ ಅದನ್ನು ಸ್ವೀಕರಿಸಬೇಕು. ಈ ಎರಡನೆಯದನ್ನೇ ಜನ ಮರೆಯುವುದು. ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ದಾನಿ ತೀರಿಹೋದರೆ ದಾನವೇ ಇಲ್ಲ. ಮಕ್ಕಳು ಹೊಸದಾಗಿ ಮನಸ್ಸು ಮಾಡಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಗಂಡುಮಕ್ಕಳ ಸಹಿ ಮಾತ್ರ ಸಾಲದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು, ಆಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಮದುವೆಯಾಗಿ ಹೋದ ಮಗಳನ್ನೂ ಉಪನೋಂದಣಿ ಕಚೇರಿಗೆ ಕರೆತನ್ನಿ.

ಪಹಣಿಯ 11ನೇ ಕಾಲಂನಲ್ಲಿ ಬೆಳೆ ಸಾಲ ಕಂಡರೆ ಮೊದಲು ಅದು ತೀರಬೇಕು. 10ನೇ ಕಾಲಂನ ಮ್ಯುಟೇಷನ್ ಸಂಖ್ಯೆ ಹಿಡಿದು ಹಿಂದೆ ಹೋಗಿ, ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದೇ ನೋಡಿ. ಆಗಿದ್ದರೆ ಸರ್ಕಾರದ ಪೂರ್ವಾನುಮತಿಯಿಲ್ಲದ ಪರಭಾರೆ, ಇಂಥ ಮಂಜೂರಾತಿ ಜಮೀನು ಕೈಬಿಡದಂತೆ ಕಾಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಅನೂರ್ಜಿತ. ದೊಡ್ಡ ಹಿಸ್ಸೆಯಲ್ಲಿ ಒಂದು ಭಾಗ ಕೊಡುವುದಾದರೆ ನೋಂದಣಿಗೆ ಮೊದಲೇ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು. ಪತ್ರವನ್ನು ಇಲಾಖೆಯ ಅಧಿಕಾರಿಯ ಹುದ್ದೆಯ ಹೆಸರಿಗೆ ಮಾಡಿಸಿ, ಸಮಿತಿ ಅಧ್ಯಕ್ಷರ ಹೆಸರಿಗೆ ಖಂಡಿತ ಬೇಡ. "ಶಾಲೆ ನಿಂತರೆ ಜಾಗ ವಾಪಸ್" ಎಂಬ ಸಾಲು ಸೇರಿಸಬೇಡಿ. ಮೊಮ್ಮಕ್ಕಳ ಕಾಲದ ದಾವೆಗೆ ಅದೇ ಬೀಜ.

ಇಷ್ಟೆಲ್ಲ ಸರಿಯಾದರೂ ಒಂದೂವರೆ ಎಕರೆ ಸಾಲದು. ಮೂರು ತರಗತಿಗೆ ಎರಡೆರಡು ವಿಭಾಗವೆಂದರೆ ಆರು ಕೊಠಡಿ. ಪ್ರಯೋಗಾಲಯ, ಗ್ರಂಥಾಲಯ, ಕಚೇರಿ, ಅಡುಗೆ ಕೋಣೆ, ಎರಡು ಕಡೆ ಶೌಚಾಲಯ ಬೇರೆ. 200 ಮೀಟರ್ ಓಟದ ಪಥಕ್ಕೇ ಒಂದೂಕಾಲು ಎಕರೆ ಬೇಕು. ಖೋಖೋ, ಕಬಡ್ಡಿ ಅಂಕಣಗಳನ್ನು ಅದರ ಒಳಗೇ ಹಾಕಬಹುದು. 400 ಮೀಟರಿನ ಪಥದ ಆಸೆ ಬಿಡಿ, ಅದೊಂದೇ 4 ಎಕರೆ ತಿನ್ನುತ್ತದೆ. ಮುಂದೆ ಪಿಯು ಕಾಲೇಜು ಬಂದರೂ ಬರಬಹುದು. 5 ಎಕರೆ ಕೇಳಿ, ಮೂರಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಹಾಗಾಗಿ ನಮ್ಮ ಮತ ಗೋಮಾಳಕ್ಕೆ. ಆದರೆ 86 ಎಕರೆ ಇದೆಯೆಂದು ಹಿಗ್ಗಬೇಡಿ. 1966ರ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ 100 ಜಾನುವಾರಿಗೆ 30 ಎಕರೆ ಗೋಮಾಳ ಉಳಿಯಬೇಕು. ಊರಲ್ಲಿ 240 ದನಗಳಿದ್ದರೆ 72 ಎಕರೆ ಮುಟ್ಟುವಂತಿಲ್ಲ, ಹೆಚ್ಚುವರಿ ಬರೀ 14. ಅದರಲ್ಲಿ ಹಿಂದೆ ದರಖಾಸ್ತಿನಲ್ಲಿ (ಅರ್ಜಿ ಹಾಕಿದವರಿಗೆ ಸರ್ಕಾರಿ ಜಮೀನು ಕೊಡುವ ಕ್ರಮದಲ್ಲಿ) 8 ಎಕರೆ ಮಂಜೂರಾಗಿದ್ದರೆ ಉಳಿದದ್ದು 6. ಬಗರ್ ಹುಕುಂ ಸಾಗುವಳಿದಾರರು (ಅನುಮತಿಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರು) ಸಕ್ರಮಕ್ಕಾಗಿ ನಮೂನೆ 50, 53, 57ರಲ್ಲಿ ಹಾಕಿದ ಅರ್ಜಿಗಳು ಇನ್ನೂ ನಾಲ್ಕು ಎಕರೆಗೆ ಬಾಕಿ ಇದ್ದರೆ ನಿಮಗೆ ನಿಶ್ಚಿಂತೆಯಾಗಿ ಸಿಗುವುದು ಎರಡೇ ಎಕರೆ. ಪ್ರಸ್ತಾವ ಮೇಲಿನ ಕಚೇರಿಯಿಂದ ವಾಪಸ್ ಬರುವುದು ಬಹುಪಾಲು ಈ ಲೆಕ್ಕವಿಲ್ಲದೆ. ಕೆಲವು ಸರ್ವೆ ನಂಬರುಗಳಲ್ಲಿ ಪಹಣಿಗಳ ಒಟ್ಟು ವಿಸ್ತೀರ್ಣ, ಸರ್ವೆ ಇಲಾಖೆಯ ಅಳತೆ ದಾಖಲೆಯಾದ ಆಕಾರ್‌ಬಂದ್‌ಗಿಂತ ಹೆಚ್ಚಿರುತ್ತದೆ: ಕಾಗದದಲ್ಲಿ ಜಮೀನಿದೆ, ನೆಲದಲ್ಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿ ನೋಡಿ. ಅದೇ ನಂಬರು ಅರಣ್ಯ ಇಲಾಖೆಯ ಡೀಮ್ಡ್ ಅರಣ್ಯ (ಅಧಿಸೂಚನೆಯಿಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಮೀನು) ಪಟ್ಟಿಯಲ್ಲಿದೆಯೇ ಎಂದು ವಲಯ ಅರಣ್ಯಾಧಿಕಾರಿಯಿಂದ ಬರಹದಲ್ಲಿ ಪಡೆಯಿರಿ. (ಮಲೆನಾಡಿನ ಓದುಗರಿಗೆ ಒಂದು ಮಾತು: ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2)ರಲ್ಲಿ, ಗ್ರಾಮಸಭೆಯ ಶಿಫಾರಸಿದ್ದರೆ ಶಾಲೆಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಪಡೆಯಲು ಅವಕಾಶವಿದೆ. ಕಡಿಯುವ ಮರ ಹೆಕ್ಟೇರಿಗೆ 75 ದಾಟಬಾರದು.)

ಗೋಮಾಳದಲ್ಲಿ ಯಾವ ಮೂಲೆ ಎಂಬುದನ್ನು ಸರ್ವೆಯರ್ ಬರುವ ಮೊದಲೇ ನೀವು ತೀರ್ಮಾನಿಸಿ. 66 ಕೆ.ವಿ. ಮಾರ್ಗಕ್ಕೆ 18 ಮೀಟರ್ ಅಗಲದ ಪಟ್ಟಿ ಖಾಲಿ ಬಿಡಬೇಕು. ಐದು ಎಕರೆ ಚೌಕದ ಒಂದು ಬದಿ ಸುಮಾರು 142 ಮೀಟರ್. ತಂತಿ ನಡುವೆ ಹಾದರೆ 25 ಗುಂಟೆ ವ್ಯರ್ಥ, ಜೊತೆಗೆ ಶಾಲೆ ಎರಡು ತುಂಡು. ತಂತಿಯಿಂದ ಸರಿದು ನಿಲ್ಲಿ. ಬೇಸಿಗೆಯಲ್ಲಿ ನೆಲ ಬಿರುಕು ಬಿಡುವ ಎರೆಮಣ್ಣಾದರೆ ಮೂರು ಕಡೆ ಆರಡಿ ಗುಂಡಿ ತೆಗೆಸಿ ನೋಡಿ. ಎರೆ ಆಳವಿದ್ದರೆ ಮಾಮೂಲಿ ಪಾಯ ಉಬ್ಬಿ ಕುಗ್ಗಿ ಗೋಡೆ ಸೀಳುತ್ತದೆ, ಅಂಡರ್ ರೀಮ್ಡ್ ಪೈಲ್ (ಬುಡ ಅಗಲವಾದ, ಆಳಕ್ಕಿಳಿಸುವ ಕಾಂಕ್ರೀಟ್ ಕಂಬ) ಹಾಕಬೇಕಾಗುತ್ತದೆ, ಅಂದಾಜು ಪಟ್ಟಿ ಏರುತ್ತದೆ. ಅದೇ ಗೋಮಾಳದಲ್ಲಿ ಕೆಂಪು ಗರಸಿನ ದಿಬ್ಬವಿದ್ದರೆ ಅದನ್ನೇ ಹಿಡಿಯಿರಿ. ಹತ್ತಿರದ ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ, ಲೀಟರಿಗೆ 1.5 ಮಿ.ಗ್ರಾಂ. ಮೀರಿದರೆ ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಈಗಲೇ ಯೋಚಿಸಬೇಕು.

ದಾರಿ ನೋಡಿಕೊಳ್ಳಿ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಗುರುತಿದ್ದರೆ ಧೈರ್ಯ. ಬರೀ ರೂಢಿ ದಾರಿಯಾದರೆ ಯಾರದೋ ಹೊಲದ ಬದುವಿನ ಮೇಲೆ ನಡೆಯುತ್ತಿದ್ದೀರಿ; ಜಲ್ಲಿ ಲಾರಿ ಬಂದ ದಿನ ಅವರು ಅಡ್ಡ ನಿಲ್ಲುತ್ತಾರೆ. ಒಂದೂವರೆ ಕಿ.ಮೀ. ಹೆಣ್ಣುಮಕ್ಕಳಿಗೆ ದೂರ ಎಂಬ ತಾಯಂದಿರ ಆಕ್ಷೇಪಣೆಯನ್ನು ತಳ್ಳಿಹಾಕಬೇಡಿ. ಊರಿನ ಕಡೆಯ ಅಂಚು, ರಸ್ತೆಗೆ ತಾಗಿದ ಅಂಚು, ಇವೆರಡೂ ಕೂಡುವ ಮೂಲೆ ಸಿಕ್ಕರೆ ಉತ್ತಮ.

ಇನ್ನು ಕಡತ. ಕೇಳುವವರು ಸಮಿತಿಯಲ್ಲ, ಇಲಾಖೆ. ಸಮಿತಿ ಮತ್ತು ಗ್ರಾಮಸಭೆಯ ಠರಾವಿನ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ ತಹಶೀಲ್ದಾರರಿಗೆ ಬರೆಯಬೇಕು. ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ಸ್ಥಳ ತನಿಖೆ, ಮಹಜರು, ಸರ್ವೆ ನಕ್ಷೆ ಸೇರಿ ಉಪವಿಭಾಗಾಧಿಕಾರಿಗಳ ಮೂಲಕ ಜಿಲ್ಲಾಧಿಕಾರಿಗೆ ಹೋಗುತ್ತದೆ. ಗೋಮಾಳ ಶೀರ್ಷಿಕೆಯಿಂದ ತಗ್ಗಿಸಿ, ಭೂಕಂದಾಯ ಕಾಯ್ದೆ 1964ರ ಕಲಂ 71ರಡಿ ಪ್ರೌಢಶಾಲೆಗೆ ಕಾಯ್ದಿರಿಸಿದ ಆದೇಶ ಬರಬೇಕು. ಆದೇಶ ಬಂದ ದಿನ ಸಿಹಿ ಹಂಚಿ ಮನೆಗೆ ಹೋಗುವುದೇ ದೊಡ್ಡ ತಪ್ಪು. ಪೋಡಿಯಾಗದೆ (ಅಳೆದು ಬೇರೆ ನಂಬರು ಕೊಡದೆ), ಪಹಣಿಯ 9ನೇ ಕಾಲಂನಲ್ಲಿ ಶಾಲೆಯ ಹೆಸರು ಬಾರದೆ ಆ ಹಾಳೆ ಕಪಾಟಿನಲ್ಲೇ ಇರುತ್ತದೆ, ಹೊಲ ಇನ್ನೊಬ್ಬರ ನೇಗಿಲಡಿ ಇರುತ್ತದೆ. ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಕಲ್ಲು ನೆಟ್ಟ ವಾರದಲ್ಲೇ ಸುತ್ತ ಟ್ರೆಂಚ್ ಹೊಡೆಸಿ. ಟೆಂಡರ್ ಅದಾದ ಮೇಲೆ.

ದಾನಿಗಳಿಗೆ ಬೇಸರವಾಗಬಾರದೆಂದು ಬರೆದಿದ್ದೀರಿ. ಅವರ ಹೊಲ ಬೇಡವೆಂದ ಮಾತ್ರಕ್ಕೆ ಅವರನ್ನು ಬಿಟ್ಟುಬಿಡಬೇಕಿಲ್ಲ. ಬೋರ್‌ವೆಲ್ಲನ್ನೋ ಗ್ರಂಥಾಲಯದ ಕೊಠಡಿಯನ್ನೋ ಕೊಡಿಸುತ್ತಾರೆಯೇ ಕೇಳಿ. ಮುಂದಿನ ಗ್ರಾಮಸಭೆಗೆ ಹೋಗುವಾಗ ಪಶು ಆಸ್ಪತ್ರೆಯಿಂದ ಜಾನುವಾರು ಸಂಖ್ಯೆಯನ್ನು ಸಹಿ, ಮೊಹರಿನೊಂದಿಗೆ ತೆಗೆದುಕೊಂಡು ಹೋಗಿ. ಸಂಖ್ಯೆ ಬಂದ ಮೇಲೆ ನಮಗೂ ತಿಳಿಸಿ, ಎಷ್ಟು ಎಕರೆ ಕೇಳಬಹುದೆಂದು ಕೂಡಿ ಕಳೆದು ಹೇಳುತ್ತೇವೆ.

– ಸಂಪಾದಕ