ಎದ್ದು ಹೋದವರನ್ನು ಬೈಯುವ ಮೊದಲು

ನಮಸ್ಕಾರ,

ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ, ಒಳಗೆ ಒಳ್ಳೆಯ ವಿಷಯ ಇದೆ.

ವಿರಾಜಪೇಟೆಯಲ್ಲಿ ಗೆಳೆಯರೆಲ್ಲ ಸೇರಿ ಮಳೆಗಾಲದ ಒಂದು ಸಂಜೆ, ಹಾಡಿನಲ್ಲೇ ಕಥೆ ಹೇಳುವ ‘ಸ್ವೀನಿ ಟಾಡ್’ ಅನ್ನುವ ಇಂಗ್ಲಿಷ್ ಸಿನಿಮಾ ತೋರಿಸಿದಿರಿ, ಬಂದವರಲ್ಲಿ ಅರ್ಧ ಜನ ಮಧ್ಯದಲ್ಲೇ ಎದ್ದು ಹೋದರು, ನಿಮಗೆ ಬೇಜಾರಾಯಿತು. ಅರ್ಥವಾಗುತ್ತದೆ. ಆದರೆ ಆ ಬೇಜಾರಿನಲ್ಲಿ ‘ಹಾಡು, ರಕ್ತ ಎರಡೂ ಒಟ್ಟಿಗೆ ಬಂದರೆ ನಮ್ಮ ಕೊಡಗಿನವರಿಗೆ ತಡೆದುಕೊಳ್ಳಲು ಆಗುವುದಿಲ್ಲ’ ಅಂತ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಇದನ್ನು ನಾನು ಒಪ್ಪಲ್ಲ. ಕೊಡಗಿನದೇ ಆದ ಸಂಪಾಜೆ ಕಡೆ ರಾತ್ರಿಯಿಡೀ ಯಕ್ಷಗಾನಕ್ಕೆ ಕೂರುವವರು ಯಾರು? ಭಾಗವತರು ಹಾಡುತ್ತಿರುವಾಗಲೇ ಭೀಮ ದುಶ್ಶಾಸನನ ಎದೆ ಬಗೆಯುವುದನ್ನು ಕಣ್ಣು ಮಿಟುಕಿಸದೆ ನೋಡುವವರು ಅವರು. ಹರದಾಸ ಅಪ್ಪಚ್ಚ ಕವಿ ಕೊಡವ ತಕ್ಕ್ ಭಾಷೆಯಲ್ಲಿ ಹಾಡು ತುಂಬಿದ ಯಯಾತಿ ನಾಟಕ ಬರೆದದ್ದು 1906ರಲ್ಲಿ. ಹಾಡಿನಲ್ಲಿ ಕಥೆ ಕೇಳುವುದು ಇಲ್ಲಿ ಹೊಸದೇನಲ್ಲ.

ಹಾಗಾದರೆ ಯಾಕೆ ಎದ್ದು ಹೋದರು? ಉತ್ತರ ನಿಮ್ಮ ಲೇಖನದಲ್ಲೇ ಇದೆ, ನೀವು ಗಮನಿಸಿಲ್ಲ ಅಷ್ಟೇ. ವಾಟ್ಸಾಪ್‌ನಲ್ಲಿ ಕಳಿಸಿದ ಪೋಸ್ಟರ್‌ನಲ್ಲಿ ನಾಯಕನಟನ ಹೆಸರು ಹಿಡಿದು ‘ಜಾನಿ ಡೆಪ್ ಥ್ರಿಲ್ಲರ್’ ಅಂತ ಮಾತ್ರ ಹಾಕಿದ್ದೆವು ಎಂದು ಎರಡನೇ ಪುಟದಲ್ಲಿ ಬರೆದಿದ್ದೀರಿ. 2007ರಲ್ಲಿ ಸಿನಿಮಾ ಬಂದಾಗ ಹೊರದೇಶದಲ್ಲೂ ಹೀಗೇ ಆಯಿತು. ಟ್ರೇಲರ್‌ನಲ್ಲಿ ಹಾಡನ್ನು ಆದಷ್ಟು ಮುಚ್ಚಿಟ್ಟಿದ್ದರು, ಹೆದರಿಸುವ ಸಿನಿಮಾ ಅಂದುಕೊಂಡು ಬಂದವರು ಪಾತ್ರಗಳು ಹಾಡುತ್ತಲೇ ಇರುವುದನ್ನು ಕಂಡು ಕಕ್ಕಾಬಿಕ್ಕಿಯಾದರು, ಕೆಲವರು ಹೊರಗೆ ನಡೆದರು. ಇನ್ನೊಂದು ಮಾತು. ನಮ್ಮ ಸಿನಿಮಾಗಳಲ್ಲಿ ಹಾಡು ಬಂತೆಂದರೆ ಹೊರಗೆ ಹೋಗಿ ಟೀ ಕುಡಿದು ಬರಬಹುದು, ಕಥೆ ಅಲ್ಲೇ ನಿಂತಿರುತ್ತದೆ. ಈ ಸಿನಿಮಾದಲ್ಲಿ ಹಾಡಿನಲ್ಲೇ ಕಥೆ ನಡೆಯುತ್ತದೆ, ಹಾಡಿನ ಮಧ್ಯದಲ್ಲೇ ಕುತ್ತಿಗೆ ಕೊಯ್ಯುತ್ತಾರೆ. ಇದನ್ನು ಮೊದಲೇ ಹೇಳದೆ ಕೂರಿಸಿ, ಆಮೇಲೆ ರುಚಿ ಇಲ್ಲದವರು ಅನ್ನುವುದು ನ್ಯಾಯವಲ್ಲ.

ಮೊದಲ ಮೂರು ಪ್ಯಾರಾ ಪೂರ್ತಿ ತೆಗೆಯಿರಿ. ಕಥೆ ಎರಡು ಸಾಲಿನಲ್ಲಿ ಮುಗಿಯುತ್ತದೆ: ಸುಳ್ಳು ಕೇಸಿನಲ್ಲಿ ಗಡೀಪಾರಾಗಿದ್ದ ಲಂಡನ್ನಿನ ಕ್ಷೌರಿಕ ಸೇಡಿಗೆ ಮರಳುತ್ತಾನೆ, ಅವನು ಕೊಂದವರನ್ನು ಕೆಳಗಿನ ಅಂಗಡಿಯ ಲವೆಟ್ ಮಾಂಸದ ಕಡುಬು ಮಾಡಿ ಮಾರುತ್ತಾಳೆ.

ಉಳಿದ ಜಾಗದಲ್ಲಿ ರಂಗಕ್ಕೂ ತೆರೆಗೂ ಇರುವ ವ್ಯತ್ಯಾಸ ಬರೆಯಿರಿ. ‘ನಾಟಕದಷ್ಟು ಚೆನ್ನಾಗಿಲ್ಲ’ ಅಂತ ಸುಮ್ನೆ ಹೇಳಿದರೆ ಓದುಗರಿಗೆ ಏನು ಸಿಕ್ಕಿತು? ಸಿನಿಮಾಕ್ಕೆ ಮೂಲವಾದ, ಸ್ಟೀಫನ್ ಸೊಂಡ್‌ಹೈಮ್ ಸಂಗೀತದ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದದ್ದು 1979ರಲ್ಲಿ. ಅದರಲ್ಲಿ ಮೇಳದವರು ಮೊದಲಲ್ಲೇ ನಿಂತು, ಸ್ವೀನಿ ಟಾಡ್‌ನ ಕಥೆ ಕೇಳಿ ಅಂತ ಪ್ರೇಕ್ಷಕರಿಗೇ ನೇರವಾಗಿ ಹಾಡುತ್ತಾರೆ. ಇದು ಆಟ ಅನ್ನುವುದು ನೋಡುವವರಿಗೆ ಅಲ್ಲೇ ಗೊತ್ತಾಗುತ್ತದೆ, ಹಾಗಾಗಿ ಯಾರ ಮಾಂಸದ ಕಡುಬು ಹೇಗಿರುತ್ತದೆ ಅಂತ ಟಾಡ್, ಲವೆಟ್ ಇಬ್ಬರೂ ಲೆಕ್ಕ ಹಾಕುವ ಹಾಡಿಗೆ ಜನ ಬಿದ್ದು ಬಿದ್ದು ನಗುತ್ತಾರೆ. ನಿರ್ದೇಶಕ ಟಿಮ್ ಬರ್ಟನ್ ಸಿನಿಮಾದಲ್ಲಿ ಮೇಳದ ಆ ಹಾಡುಗಾರಿಕೆಯನ್ನೇ ತೆಗೆದರು, ಕಡುಬಿನ ಹಾಡನ್ನೂ ಮೊಟಕು ಮಾಡಿದರು. ಬಣ್ಣ ಕಳೆದುಕೊಂಡ ಊರು, ಅದರಲ್ಲಿ ಕಡುಗೆಂಪು ರಕ್ತ, ಕ್ಯಾಮೆರಾ ಕುತ್ತಿಗೆಯ ಹತ್ತಿರ. ನಗುವುದಕ್ಕೆ ಜಾಗ ಕಮ್ಮಿಯಾಯಿತು, ಭಯ ಜಾಸ್ತಿಯಾಯಿತು. ನಿಮ್ಮ ಜನ ಯಾವ ಹೊತ್ತಿಗೆ ನಗುವುದು ನಿಲ್ಲಿಸಿದರು, ಯಾವ ಹೊತ್ತಿಗೆ ಕುರ್ಚಿ ಸರಿಸಿದರು? ಅಲ್ಲಿದ್ದವರು ನೀವು, ಅದನ್ನು ನೀವೇ ಹೇಳಬೇಕು.

ಈಗ ಆರನೇ ಪ್ಯಾರಾ. ಗೋಣಿಕೊಪ್ಪದಲ್ಲಿ ಸೆಲೂನ್ ನಡೆಸುವ ಆ ಅಣ್ಣ ಕೊನೆಯವರೆಗೂ ಕೂತಿದ್ದು, ಮುಗಿದ ಮೇಲೆ ‘ಗಿರಾಕಿ ಕಣ್ಣು ಮುಚ್ಚಿ ಕುತ್ತಿಗೆ ಕೊಡೋದು ನಮ್ಮನ್ನು ನಂಬಿ ಅಲ್ವಾ’ ಅಂದರಲ್ಲ, ಅದನ್ನು ಓದಿ ನಾನು ಸ್ವಲ್ಪ ಹೊತ್ತು ಮುಂದೆ ಓದಲಿಲ್ಲ. ನೀವು ಒಂದೇ ಸಾಲಿನಲ್ಲಿ ಮುಗಿಸಿ ಮತ್ತೆ ಡೆಪ್ ದನಿಯ ವಿಮರ್ಶೆಗೆ ಓಡಿದ್ದೀರಿ! ಲೇಖನ ಅವರ ಮಾತಿನಿಂದಲೇ ಶುರುವಾಗಲಿ. ಅವರ ಅಂಗಡಿಗೆ ಹೋಗಿ ಇನ್ನಷ್ಟು ಕೇಳಿ, ಅವರು ಬೇಡ ಅಂದರೆ ಹೆಸರು ಹಾಕಬೇಡಿ. ಹಾಗೇ ಎದ್ದು ಹೋದವರಲ್ಲಿ ಇಬ್ಬರನ್ನಾದರೂ ಹುಡುಕಿ ಮಾತಾಡಿಸಿ, ಬೈಗುಳ ಬಂದರೂ ಇದ್ದ ಹಾಗೇ ಬರೆದುಕೊಳ್ಳಿ. ಅವರ ಮಾತು ಸೇರಿಸಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.